ಆಪತ್ತಿಗಾಗುವ ರೇಡಿಯೋ

ಕೂಡಿಡುವುದು ಬೇರೆ, ಬೇಕಾದಾಗ ಒದಗುವುದು ಬೇರೆ. ಈ ಭೇದವನ್ನು ನಮಗೆ ಮನಗಾಣಿಸಿದುದು ಹಿಡಿಕೆ ತಿರುವಿ ನುಡಿಸುವ ಒಂದು ಚಿಕ್ಕ ರೇಡಿಯೋ.

ಇಂಗ್ಲೆಂಡಿನ ಟ್ರೆವರ್ ಬೇಲಿಸ್ ಎಂಬವರಿಗೆ 1991ರಲ್ಲಿ ಇಂಥ ರೇಡಿಯೋದ ಕಲ್ಪನೆ ಹೊಳೆಯಿತು. ವಿದ್ಯುತ್ತಿಲ್ಲದ ಆಫ್ರಿಕದ ಹಳ್ಳಿಗಳಿಗೆ ಆರೋಗ್ಯದ ತಿಳಿವಳಿಕೆ ಮುಟ್ಟಬೇಕೆಂಬುದು ಅವರ ಹಂಬಲ. ಅವರು ಶಕ್ತಿಯನ್ನು ಉಕ್ಕಿನ ಸುರುಳಿಯಲ್ಲಿ ಹಿಡಿದಿಟ್ಟರು, ಬ್ಯಾಟರಿಯ ಹಂಗಿರಲಿಲ್ಲ. ನಮ್ಮ ರೇಡಿಯೋದಲ್ಲಾದರೋ ಮತ್ತೆ ಮತ್ತೆ ತುಂಬಬಹುದಾದ ಬ್ಯಾಟರಿಯಿತ್ತು.

2024ರ ಜುಲೈ 25ರಂದು ಮುಠಾ ನದಿಯ ನೀರು ಸಿಂಹಗಡ ರಸ್ತೆಯ ಏಕತಾ ನಗರಿಗೆ ನುಗ್ಗಿತಷ್ಟೆ. ನಮ್ಮ ಓಣಿಯಲ್ಲಿಯೂ ವಿದ್ಯುತ್ತು ಹೋಯಿತು, ಮೊಬೈಲುಗಳು ಬರಿದಾದವು. ಕೆಳಮನೆಗಳಲ್ಲಿದ್ದವರು ವಿಜಾಪುರ ಸೀಮೆಯಿಂದ ದುಡಿಯಲು ಬಂದ ಕುಟುಂಬದವರು. ನೆರೆಯ ಅಜ್ಜ 1961ರ ಜುಲೈ 12ರ ಪಾನಶೇತ ಪ್ರಳಯವನ್ನು ನೆನೆದು ನಡುಗುತ್ತಿದ್ದರು. ನೀರು ಏರುವುದೋ ಇಳಿಯುವುದೋ ಎಂದರಿಯಲು ಹತ್ತು ನಿಮಿಷ ಹಿಡಿಕೆ ತಿರುವಿದೆವು; ರೇಡಿಯೋ ತುಟಿ ಬಿಚ್ಚಲಿಲ್ಲ. ಎರಡು ವರ್ಷ ಕಪಾಟಿನಲ್ಲಿ ಮಲಗಿದ್ದ ಬ್ಯಾಟರಿ ಸತ್ತೇಹೋಗಿತ್ತು. ಕೊನೆಗೆ ಸುದ್ದಿಗೆ ಕಾಯದೆ, ಮಕ್ಕಳನ್ನೆತ್ತಿಕೊಂಡು ಎಲ್ಲರೂ ಮೇಲಂತಸ್ತು ಸೇರಿದರು.

ಇದರ ಕಾರಣ ಸರಳವಾದುದು. ಬ್ಯಾಟರಿ ಶಕ್ತಿಯನ್ನು ರಾಸಾಯನಿಕ ಕ್ರಿಯೆಯಿಂದ ಕೂಡಿಡುತ್ತದೆ. ಬಹುಕಾಲ ಬರಿದಾಗಿದ್ದರೆ ಅದರ ಒಳಗು ಕೆಡುತ್ತದೆ. ಸೂಪರ್ ಕೆಪಾಸಿಟರಿನಲ್ಲಿ ಅಂಥ ಕ್ರಿಯೆ ನಡೆಯದು. ಸೂಕ್ಷ್ಮ ರಂಧ್ರಗಳುಳ್ಳ ಇಂಗಾಲದ ಮೈಮೇಲೆ ವಿದ್ಯುದಂಶಗಳು ಬಂದು ಕೂಡುತ್ತವೆ, ಬೇಕಾದಾಗ ಹೊರಡುತ್ತವೆ. ಆದ್ದರಿಂದ ಅದನ್ನು ಲಕ್ಷಾಂತರ ಸಲ ತುಂಬಿ ಬರಿದುಮಾಡಬಹುದು.

ಬುಧವಾರ ಪೇಟೆಯ ತಾಪಕೀರ ಗಲ್ಲಿಯಿಂದ 100 ಫ್ಯಾರಡ್, 2.7 ವೋಲ್ಟಿನ ಎರಡನ್ನು ತಂದು, ಒಂದರ ಹಿಂದೊಂದು ಜೋಡಿಸಿ, ಬ್ಯಾಟರಿಯ ಸ್ಥಾನದಲ್ಲಿರಿಸಿದೆವು. ವೋಲ್ಟೇಜು 4.2ನ್ನು ಮೀರದಂತೆ ಒಂದು ತಡೆಯನ್ನೂ, ಎರಡೂ ಸಮನಾಗಿ ತುಂಬುವಂತೆ ಒಂದೊಂದು ರೋಧಕವನ್ನೂ ಇಟ್ಟೆವು. ಹಳೆಯ ಬ್ಯಾಟರಿ ಹೊಸದಿದ್ದಾಗ ಸುಮಾರು 3,900 ಜೂಲ್ ಶಕ್ತಿ ಹಿಡಿಯುತ್ತಿದ್ದರೆ, ಈ ಜೋಡಿಯಿಂದ ದೊರೆಯುವುದು ಸುಮಾರು 300 ಮಾತ್ರ. ನಾಲ್ಕು ನಿಮಿಷ ತಿರುವಿದರೆ ಮೆಲುದನಿಯಲ್ಲಿ ಅರ್ಧ ಗಂಟೆ ಕೇಳಬಹುದು, ಮತ್ತೆ ತಿರುವಬೇಕು. ತುಂಬಿಟ್ಟರೂ ಕೆಲವು ವಾರಗಳಲ್ಲಿ ಸೋರಿಹೋಗುತ್ತದೆ. ನಿತ್ಯವೂ ಗಂಟೆಗಟ್ಟಲೆ ಹಾಡು ಕೇಳುವವರಿಗೆ ಬ್ಯಾಟರಿಯೇ ಲೇಸು.

ಆದರೆ ವರ್ಷಕ್ಕೊಮ್ಮೆ ಬೇಕಾಗುವ ಸಾಧನದ ಮಾತು ಬೇರೆ. ಅದು ಬರಿದಾಗಿದ್ದರೆ ಬಾಧಕವಿಲ್ಲ, ತಿರುವಿದೊಡನೆ ಎಚ್ಚರಗೊಳ್ಳಬೇಕು. ಆಪತ್ತಿಗಾದವನೇ ನೆಂಟನೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ವಿದ್ಯಾರ್ಥಿ ಮಿತ್ರರೇ, ವಸ್ತುವೊಂದು ಎಷ್ಟು ಹಿಡಿಯುತ್ತದೆಂದು ಕೇಳುವ ಮುನ್ನ ಅದು ಯಾವ ಹೊತ್ತಿಗೆ ಬೇಕೆಂದು ಕೇಳಿರಿ. ಮಳೆಗಾಲ ಹಿಡಿಯುವ ಮೊದಲೇ ನಿಮ್ಮ ಮನೆಯ ಟಾರ್ಚು, ರೇಡಿಯೋಗಳನ್ನು ಒಮ್ಮೆ ಹೊರತೆಗೆದು ಪರೀಕ್ಷಿಸಿರಿ.