ಚೆಂಡು ಕೈತಪ್ಪಿದರೆ ಬೈಗುಳ ಯಾರಿಗೆ?

ಅಮೆರಿಕದ ಫುಟ್‌ಬಾಲ್ ಆಟದಲ್ಲಿ ಒಂದು ಎಸೆತಕ್ಕೆ ನಮ್ಮ ‘ನಮೋ ಮರಿಯಾ’ ಪ್ರಾರ್ಥನೆಯ ಹೆಸರಿದೆ. ಅವರ ಭಾಷೆಯಲ್ಲಿ ‘ಹೇಲ್ ಮೇರಿ ಪಾಸ್’. ಹೊಸೂರಿನ ಕಡೆ ಸಂಜೆಯ ಜಪಸರ ಮುಗಿಯದೆ ಊಟಕ್ಕೆ ಕೂರದ ಮನೆಗಳಲ್ಲಿ ಬೆಳೆದ ನಮಗೆ, ಗಂಡ ಹೆಂಡತಿ ಇಬ್ಬರಿಗೂ, ಇದನ್ನು ಮೊಮ್ಮಗನ ಬಾಯಿಂದ ಕೇಳಿದಾಗ ಸ್ವಲ್ಪ ಮುಜುಗರವೇ ಆಯಿತು. 2023ರಲ್ಲಿ ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಬರೋಣವೆಂದು ಟೆಕ್ಸಾಸ್‌ಗೆ ಹೋಗಿದ್ದೆವು. ಆಟದ ಹುಚ್ಚು ಹಿಡಿದ ಮೊಮ್ಮಗನೇ ನಮಗೆ ಗುರು.

ಹೆಸರಿನ ಕಥೆ ಕೇಳಿದ ಮೇಲೆ ಮುಜುಗರ ಹೋಯಿತು. 1975ರ ಡಿಸೆಂಬರ್ 28ರಂದು ಡಲ್ಲಾಸ್ ಕೌಬಾಯ್ಸ್ ತಂಡ ಮಿನ್ನೆಸೋಟ ವೈಕಿಂಗ್ಸ್ ಎದುರು 10-14ರಲ್ಲಿ ಹಿಂದಿತ್ತು. ಉಳಿದಿದ್ದದ್ದು ಸುಮಾರು ಅರ್ಧ ನಿಮಿಷ. ಡಲ್ಲಾಸ್‌ನ ಕ್ವಾರ್ಟರ್‌ಬ್ಯಾಕ್ ರೋಜರ್ ಸ್ಟಾಬ್ಯಾಕ್ ಮೈದಾನದ ನಡುವಿನಿಂದ ಚೆಂಡನ್ನು ಬೀಸಿ ಎಸೆದ. ಡ್ರೂ ಪಿಯರ್ಸನ್ ಅದನ್ನು ಹಿಡಿದು ಗೆರೆ ದಾಟಿದ. 17-14! ಕಣ್ಣು ಮುಚ್ಚಿ ಒಂದು ನಮೋ ಮರಿಯಾ ಹೇಳಿದೆ ಎಂದು ಸ್ಟಾಬ್ಯಾಕ್ ಆಟದ ನಂತರ ಪತ್ರಕರ್ತರಿಗೆ ಹೇಳಿದ. ಆತ ಕಥೋಲಿಕ. ನೋಟರ್ ಡೇಮ್‌ನಂಥ ಕಥೋಲಿಕ ವಿಶ್ವವಿದ್ಯಾಲಯಗಳ ಆಟಗಾರರಲ್ಲಿ ಈ ಮಾತು ಮೊದಲೇ ಇತ್ತಂತೆ. ದೇಶವೆಲ್ಲ ಹಬ್ಬಿದ್ದು ಮಾತ್ರ ಅಂದಿನಿಂದ.

ಆದರೆ ಆ ಎಸೆತ ಸರಿಯಾಗಿ ಬಿದ್ದಿರಲಿಲ್ಲ. ಚೆಂಡು ಎಟುಕಬೇಕಾದಷ್ಟು ದೂರ ಹೋಗದೆ ಹಿಂದೆಯೇ ಬಿತ್ತು. ಮುಂದೆ ಓಡುತ್ತಿದ್ದ ಪಿಯರ್ಸನ್ ವೇಗ ಇಳಿಸಿ, ಹಿಂದಕ್ಕೆ ಬಂದು, ಸೊಂಟಕ್ಕೂ ಮೊಣಕೈಗೂ ನಡುವೆ ಅದನ್ನು ಹೇಗೋ ಸಿಕ್ಕಿಸಿಕೊಂಡ. ಎದುರಾಳಿಯನ್ನು ತಳ್ಳಿ ಹಿಡಿದ ಎಂದು ವೈಕಿಂಗ್ಸ್ ಕಡೆಯವರ ದೂರು. ಸಿಟ್ಟಿಗೆದ್ದ ಪ್ರೇಕ್ಷಕನೊಬ್ಬ ವಿಸ್ಕಿ ಬಾಟಲಿ ಎಸೆದ. ಅದು ಅಂಪೈರಿಂಗ್ ಮಾಡುತ್ತಿದ್ದ ಆರ್ಮೆನ್ ಟೆರ್ಜಿಯನ್ ಎಂಬವರ ಹಣೆಗೆ ಬಡಿದು ಗಾಯವಾಯಿತು. ಸೋತವರಿಗೆ ಬೈಯಲು ಒಬ್ಬರು ಬೇಕಿತ್ತು, ಸಿಕ್ಕವರು ಅವರು. ಗೆದ್ದ ಕಡೆಯಲ್ಲಿ ‘ಚೆಂಡು ಯಾಕಪ್ಪಾ ಅಷ್ಟು ಹಿಂದೆ ಬಿತ್ತು?’ ಎಂದು ಯಾರು ಕೇಳುತ್ತಾರೆ?

ಈ ಆಟ ನಮ್ಮವರಿಗೆ ಹೊಸದು, ಆದ್ದರಿಂದ ಎರಡು ಮಾತು. ಮೊಟ್ಟೆಯಾಕಾರದ ಚೆಂಡು, ತೂಕ 400 ಗ್ರಾಂ ಆಸುಪಾಸು. ಒಂದೊಂದು ಕಡೆ 11 ಜನ. ನಾಲ್ಕು ಪ್ರಯತ್ನಗಳಲ್ಲಿ 10 ಗಜ ಮುಂದೆ ಹೋಗಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಪ್ರತಿ ಪ್ರಯತ್ನಕ್ಕೂ ಮೊದಲೇ ಲೆಕ್ಕ ಹಾಕಿದ ಯೋಜನೆ ಇರುತ್ತದೆ, ಅದನ್ನು ಆರಿಸಿ ಹೇಳುವುದು ಹೆಚ್ಚಾಗಿ ಕೋಚ್‌ಗಳ ಕೆಲಸ. ದೊಡ್ಡ ತಂಡಗಳ ಎನ್‌ಎಫ್‌ಎಲ್ ಲೀಗಿನಲ್ಲಿ 1994ರಿಂದ ಕ್ವಾರ್ಟರ್‌ಬ್ಯಾಕ್‌ನ ಶಿರಸ್ತ್ರಾಣದೊಳಗೇ ಪುಟ್ಟ ರೇಡಿಯೊ ಇದೆ. ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ಧ್ವನಿ ಕಟ್ ಆಗುತ್ತದೆ. ಆಮೇಲೆ ಅವನು ಒಬ್ಬನೇ. ಶಾಲಾ ಮಕ್ಕಳಿಗೆ ಹೊರಗಿನಿಂದ ಕೈಸನ್ನೆ. ನಮ್ಮ ಮೊಮ್ಮಗನ ಮುಂಗೈ ಪಟ್ಟಿಯಲ್ಲಿ ಸಣ್ಣ ಅಕ್ಷರದ ಒಂದು ಪಟ್ಟಿ ಇರುತ್ತಿತ್ತು, ಪರೀಕ್ಷೆಗೆ ಚೀಟಿ ಕಟ್ಟಿಕೊಂಡು ಹೋದ ಹಾಗೆ! ಕೋಚ್ ಬೆರಳಲ್ಲಿ ನಂಬರ್ ತೋರಿಸಿದರೆ ಹುಡುಗ ಪಟ್ಟಿ ನೋಡಿ ಉಳಿದವರಿಗೆ ಹೇಳಬೇಕು.

ದೂರದ ಎಸೆತದ ಕಷ್ಟ ನಮಗೆ ಅರ್ಥವಾದದ್ದು ಮೈದಾನದ ಪಕ್ಕ ಕುಳಿತ ಮೇಲೆ. ಹಿಡಿಯುವವನು ನಲವತ್ತು ಗಜ ಓಡಬೇಕು. ಅಷ್ಟು ಹೊತ್ತು ಮುಂದಿನ ಐವರು ದಢೂತಿ ಹುಡುಗರು ಎದುರಾಳಿಗಳನ್ನು ತಡೆದು ನಿಲ್ಲಿಸಬೇಕು. ಎಸೆಯುವವನು ಯಾರೂ ಇಲ್ಲದ ಜಾಗಕ್ಕೆ, ಇನ್ನೆರಡು ಸೆಕೆಂಡಿಗೆ ತನ್ನವನು ಅಲ್ಲಿರುತ್ತಾನೆಂದು ನಂಬಿ ಎಸೆಯಬೇಕು. ಗಾಳಿ ಬೇರೆ. ಎನ್‌ಎಫ್‌ಎಲ್‌ನಲ್ಲೇ 20 ಗಜಕ್ಕಿಂತ ದೂರದ ಎಸೆತಗಳಲ್ಲಿ ಅರ್ಧಕ್ಕಿಂತ ಹೆಚ್ಚು ತನ್ನವರ ಕೈಗೆ ಸಿಗುವುದಿಲ್ಲ. ಕೋಟಿಗಟ್ಟಲೆ ಸಂಬಳದವರ ಗತಿಯೇ ಇದು. ಹದಿನಾಲ್ಕು ವರ್ಷದ ಹುಡುಗನ ಪಾಡು?

ಒಂಬತ್ತನೇ ತರಗತಿಯವರ ಆಟ ಗುರುವಾರ ಸಂಜೆ. ಆ ದಿನ ನಮ್ಮ ಹುಡುಗನ ತಂಡ ನಾಲ್ಕು ಅಂಕ ಹಿಂದಿತ್ತು, ಎರಡು ನಿಮಿಷ ಬಾಕಿ. ಕೋಚ್ ದೂರದ ಎಸೆತಕ್ಕೆ ಸನ್ನೆ ಮಾಡಿದರು. ಹುಡುಗ ಎಸೆದ. ಚೆಂಡು ಎದುರಾಳಿಯ ಕೈ ಸೇರಿತು, ಆಟ ಅಲ್ಲಿಗೇ ಮುಗಿಯಿತು. ಸುತ್ತ ಕುಳಿತ ತಂದೆತಾಯಂದಿರಲ್ಲಿ ಅರ್ಧ ಜನ ಕೋಚ್‌ನನ್ನು ಬೈದರು, ಇನ್ನರ್ಧ ಜನ, ಹಿಂದೆ ಕೂತವರು ಅವನ ಅಜ್ಜಿ ತಾತ ಎಂದು ತಿಳಿಯದೆ, ‘ಆ ಹುಡುಗನ ತೋಳಲ್ಲಿ ಶಕ್ತಿಯಿಲ್ಲ’ ಎಂದರು.

ಕಾರಿನಲ್ಲಿ ಅಳಿಯಂದಿರ ಸಿಟ್ಟು ಇಳಿದಿರಲಿಲ್ಲ. “ಎರಡು ನಿಮಿಷ ಇತ್ತು, ಸಣ್ಣ ಸಣ್ಣ ಪಾಸ್ ಸಾಕಿತ್ತು. ಆ ಕೋಚ್‌ಗೆ ಬುದ್ಧಿ ಬೇಡವಾ?” ಹುಡುಗ ಬಹಳ ಹೊತ್ತು ಕಿಟಕಿಯ ಆಚೆ ನೋಡುತ್ತಿದ್ದ. ಆಮೇಲೆ, “ಎಸಿ ಅಂದಿದ್ದು ಕೋಚೇ ಡ್ಯಾಡಿ. ಆದರೆ ಹಿಂದೆ ಒಬ್ಬ ಕಾಯ್ತಾ ನಿಂತಿದ್ದು ನನಗೆ ಕಾಣ್ತು. ಕಂಡೂ ಎಸೆದೆ” ಎಂದ. ಮನೆ ಬರುವವರೆಗೆ ಯಾರೂ ಮಾತಾಡಲಿಲ್ಲ.

ಆ ರಾತ್ರಿ ನಮ್ಮಿಬ್ಬರಲ್ಲೇ ಎರಡು ಪಕ್ಷವಾಯಿತು. ನಮ್ಮಲ್ಲೊಬ್ಬರು ಮೂವತ್ತು ವರ್ಷ ಪಾಠ ಹೇಳಿದವರು, ಅವರದು ಕೋಚ್ ಪಕ್ಷ. ಮಗು ಪಾಸಾದರೆ ಮಗುವಿನ ಬುದ್ಧಿ, ಫೇಲಾದರೆ ಟೀಚರ ತಪ್ಪು. ಈ ನ್ಯಾಯ ಅವರಿಗೆ ಚೆನ್ನಾಗಿ ಗೊತ್ತು. ಇನ್ನೊಬ್ಬರದು ಸರಳ ವಾದ: ದೊಡ್ಡವರು ಹೇಳಿದಂತೆ ಮಾಡಿದ ಮಗುವಿಗೆ ಬೈಗುಳ ಯಾಕೆ?

ದೊಡ್ಡವರ ಆಟದಲ್ಲೂ ಇದೇ ಜಗಳ. ಮೊಮ್ಮಗ ಹಳೆಯ ಆಟವೊಂದನ್ನು ಟಿವಿಯಲ್ಲಿ ಹಾಕಿ ತೋರಿಸಿದ. 2004ರ ಜನವರಿ 11, ಫಿಲಡೆಲ್ಫಿಯ. ಗ್ರೀನ್ ಬೇ ಪ್ಯಾಕರ್ಸ್ 17-14ರಲ್ಲಿ ಮುಂದಿತ್ತು. ಕೊನೆಯ ನಿಮಿಷಗಳಲ್ಲಿ ಒಂದು ಗಜಕ್ಕೂ ಕಡಿಮೆ ಬೇಕಿದ್ದಾಗ ಕೋಚ್ ಮೈಕ್ ಶರ್ಮನ್ ಪ್ರಯತ್ನಿಸದೆ ಚೆಂಡನ್ನು ಒದೆಸಿ ಎದುರಾಳಿಗೆ ಬಿಟ್ಟರು. ಫಿಲಡೆಲ್ಫಿಯದವರು, ತಮ್ಮ ಕೊನೆಯ ಪ್ರಯತ್ನದಲ್ಲಿ 26 ಗಜ ಬೇಕಿದ್ದಾಗ 28 ಗಜ ಗಳಿಸಿ, ಅಂಕ ಸಮ ಮಾಡಿಬಿಟ್ಟರು. ಹೆಚ್ಚುವರಿ ಸಮಯದಲ್ಲಿ ಪ್ಯಾಕರ್ಸ್‌ಗೆ ಚೆಂಡು ಸಿಕ್ಕ ಮೊದಲ ಪ್ರಯತ್ನದಲ್ಲೇ, ಎದುರಾಳಿಗಳು ಮೇಲೆರಗಿ ಬರುತ್ತಿದ್ದಾಗ, ಬ್ರೆಟ್ ಫಾರ್ವ್ ಚೆಂಡನ್ನು ಎತ್ತರಕ್ಕೆ, ದೂರಕ್ಕೆ ಎಸೆದ. ಅದು ಎದುರಾಳಿ ಬ್ರಯಾನ್ ಡಾಕಿನ್ಸ್ ಕೈಗೆ ಹೋಯಿತು. ಸೋಲು 17-20. ಹೆದರಿದ ಕೋಚ್‌ನದು ತಪ್ಪೋ, ಹೆದರದ ಫಾರ್ವ್‌ನದು ತಪ್ಪೋ? ಅಲ್ಲಿನವರು ಈಗಲೂ ವಾದಿಸುತ್ತಾರೆ. ನಮಗೆ ಕಂಡಂತೆ ಇಬ್ಬರದ್ದೂ ಇದೆ, ಆದರೆ ಒಂದೇ ಅಳತೆಯದಲ್ಲ. ಯಾವಾಗ ಎಸೆಯಬೇಕು ಎಂಬುದಕ್ಕೆ ಉತ್ತರ ಕೊಡಬೇಕಾದವನು ಕೋಚ್. ಎಸೆಯದೆ ಬಿಡಬಹುದಾಗಿದ್ದ ಆ ಒಂದು ಗಳಿಗೆಗೆ ಕ್ವಾರ್ಟರ್‌ಬ್ಯಾಕ್. ಚೆಂಡನ್ನು ಯಾರಿಗೂ ಸಿಗದಂತೆ ಹೊರಗೆ ಬಿಸಾಡುವುದೂ ಒಂದು ಧೈರ್ಯವೇ. ಅದಕ್ಕೆ ಚಪ್ಪಾಳೆ ಮಾತ್ರ ಸಿಗದು.

ಇದಕ್ಕಿಂತ ನಮಗೆ ಹಿಡಿಸಿದ್ದು 2015ರ ಫೆಬ್ರವರಿ 1ರ ಸೂಪರ್ ಬೌಲ್ ಫೈನಲ್‌ನ ಕಥೆ. ಅದು ದೂರದ ಎಸೆತವಲ್ಲ. ಸಿಯಾಟಲ್ ತಂಡಕ್ಕೆ ಒಂದೇ ಗಜ ಬಾಕಿ. ಬಲಶಾಲಿ ಓಟಗಾರನ ಕೈಗೆ ಚೆಂಡು ಕೊಡಬಹುದಾಗಿದ್ದಾಗ ಪಾಸ್‌ಗೆ ಆದೇಶ ಬಂತು, ರಸೆಲ್ ವಿಲ್ಸನ್ ಎಸೆದ ಚೆಂಡನ್ನು ಎದುರಾಳಿ ಮಾಲ್ಕಮ್ ಬಟ್ಲರ್ ಕಸಿದ. 24-28ರ ಸೋಲು. ಕೋಚ್ ಪೀಟ್ ಕ್ಯಾರಲ್ ಎಲ್ಲರೆದುರು ಹೊಣೆ ತನ್ನದೆಂದು ಹೇಳಿದರು. ಎಸೆದವನ ಮೇಲೆ ಹಾಕಲಿಲ್ಲ. ಜನ ಅವರನ್ನು ಬೈಯುವುದನ್ನೇನೂ ನಿಲ್ಲಿಸಲಿಲ್ಲ ಅನ್ನಿ.

ಕ್ರಿಕೆಟ್ ನೋಡುವ ನಮ್ಮ ಮನೆಗಳಿಗೆ ಇದು ಹೊಸದೇನಲ್ಲ. 2007ರ ಟಿ-20 ವಿಶ್ವಕಪ್ ಫೈನಲ್‌ನ ಕೊನೆಯ ಓವರನ್ನು ಧೋನಿ ಜೋಗಿಂದರ್ ಶರ್ಮರಿಗೆ ಕೊಟ್ಟರು. ಮಿಸ್ಬಾ ಎತ್ತಿದ ಚೆಂಡು ಶ್ರೀಶಾಂತ್ ಕೈಗೆ ಬಿತ್ತು, ಧೋನಿ ಜಾಣರಾದರು. ಅದು ಗೆರೆಯಾಚೆ ಬಿದ್ದಿದ್ದರೆ? ಆರಿಸಿದ ನಿರ್ಧಾರ ಅದೇ, ಬೌಲರ್ ಅದೇ.

ಮುಂದಿನ ವಾರ ಕೋಚ್ ಹುಡುಗರನ್ನೆಲ್ಲ ಕೂರಿಸಿ ಆಟದ ವಿಡಿಯೊ ನಿಧಾನವಾಗಿ ತೋರಿಸಿದರಂತೆ. ಎಡಗಡೆ ತಡೆಯಬೇಕಾದ ಹುಡುಗನ ಕಾಲು ಜಾರಿದ್ದು, ಹಿಡಿಯುವವನು ಬೇಗ ಹಿಂತಿರುಗಿ ನೋಡಿ ಓಟ ನಿಧಾನವಾಗಿದ್ದು, ಎಲ್ಲ ಅದರಲ್ಲಿತ್ತು. ನಮ್ಮ ಅಳಿಯಂದಿರಿಗೆ ಇದನ್ನು ಕೇಳಿ ಸಮಾಧಾನವಾಯಿತು. ಮೊಮ್ಮಗನಿಗೆ ಆಗಲಿಲ್ಲ.

ಮುಂದಿನ ಎರಡು ಆಟಗಳಲ್ಲಿ ಕೋಚ್ ಅವನಿಗೆ ಒಂದೂ ದೂರದ ಎಸೆತ ಕೊಡಲಿಲ್ಲ. ಐದು ಗಜ, ಏಳು ಗಜ, ಅಷ್ಟೇ. ತಂಡ ಎರಡೂ ಆಟ ಗೆದ್ದಿತು. ಹುಡುಗ ಮನೆಗೆ ಬಂದು ಮುಖ ಸಪ್ಪೆ ಮಾಡಿಕೊಂಡು ಸಾರನ್ನ ಕಲಸುತ್ತಾ ಕೂರುತ್ತಿದ್ದ. “ಗೆದ್ದರಲ್ಲೋ, ಇನ್ನೇನು?” ಎಂದರೆ, “ಅವರಿಗೆ ನನ್ನ ಮೇಲೆ ನಂಬಿಕೆ ಹೋಗಿದೆ ಅಜ್ಜಿ” ಎನ್ನುತ್ತಿದ್ದ. ಬೈಸಿಕೊಂಡ ದಿನ ಅವನು ಇಷ್ಟು ಕುಗ್ಗಿರಲಿಲ್ಲ.

ಮೂರನೇ ಆಟದಲ್ಲಿ, ಮಧ್ಯಂತರ ಕಳೆದ ಮೇಲೆ, ಕೋಚ್‌ನ ಬೆರಳು ಮತ್ತೆ ಆ ನಂಬರ್ ತೋರಿಸಿತು. ಅಳಿಯಂದಿರು “ಅಯ್ಯೋ” ಎಂದರು. ಚೆಂಡು ಎತ್ತರಕ್ಕೆ ಹೋಯಿತು, ತುಂಬ ಹೊತ್ತು ಮೇಲೇ ಇತ್ತು, ಓಡುವವನ ಬೆರಳ ತುದಿಯಿಂದ ಒಂದು ಗೇಣು ಆಚೆ ಹುಲ್ಲಿಗೆ ಬಿತ್ತು. ಯಾರಿಗೂ ಸಿಗಲಿಲ್ಲ. ನಮ್ಮ ಹುಡುಗ ಶಿರಸ್ತ್ರಾಣ ತೆಗೆದು, ನಗುತ್ತಾ ಕೋಚ್ ಕಡೆಗೆ ಓಡಿ ಬಂದ.