ಗೆರೆ ಮತ್ತು ನೊರೆ

ಫೆಬ್ರವರಿ 3, 2025, ಸೋಮವಾರ

ಹಬ್ಬದ ಬ್ಯಾನರಿಗೆಂದು ಊರ ಹುಡುಗರು ಅಂಗಡಿಗೆ ಬಂದಿದ್ದರು. ನಡುವೆ ನಾಲ್ಕಡಿ ಅಗಲದ ಸಿಂಹ ನಿಲ್ಲಬೇಕಂತೆ. ಸಿಂಹ ಎಲ್ಲಿದೆ ಎಂದರೆ ವಾಟ್ಸಾಪ್ ಗುಂಪಿನ ಪ್ರೊಫೈಲ್ ಚಿತ್ರದಲ್ಲಿ. ಸ್ಕ್ರೀನ್‌ಶಾಟ್ ತೆಗೆದು, ಕತ್ತರಿಸಿ, ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಬರುವ ಹೊತ್ತಿಗೆ ಅಡ್ಡಕ್ಕೆ 96 ಪಿಕ್ಸೆಲ್ ಉಳಿದಿತ್ತು.

“ಮೂಲ ಡಿಸೈನಿನ ಓಪನ್ ಫೈಲ್ ಇಲ್ವಾ?”

“ಫೋನಲ್ಲಿ ಚೆನ್ನಾಗೇ ಕಾಣ್ತದಲ್ಲಣ್ಣಾ!”

ಲೆಕ್ಕ ಹಾಕಿ ತೋರಿಸಿದೆ. ನಾಲ್ಕಡಿ ಎಂದರೆ 48 ಇಂಚು. 96 ಚುಕ್ಕಿಯನ್ನು ಅಷ್ಟಕ್ಕೆ ಹರಡಿದರೆ ಒಂದೊಂದು ಚುಕ್ಕಿಯೂ ಅರ್ಧ ಇಂಚಿನ ಚೌಕ. ಕಣ್ಣು ಎರಡು ಚೌಕದಲ್ಲಿ ಮುಗಿದುಹೋಗುತ್ತದೆ. ಹಿಗ್ಗಿಸಿದರೆ ಕಂಪ್ಯೂಟರ್ ಅಕ್ಕಪಕ್ಕದ ಬಣ್ಣ ನೋಡಿ ನಡುವಿನದನ್ನು ಊಹಿಸುತ್ತದೆ, ಅಷ್ಟೇ. ಇಲ್ಲದ ಮೀಸೆಯನ್ನು ಎಲ್ಲಿಂದ ತರುತ್ತದೆ? ತಲೆಯಾಡಿಸಿದರು, ಅರ್ಥವಾದಂತೆ ಕಾಣಲಿಲ್ಲ. ಮುಂದಿನ ವಾರದ ಗುರುವಾರಕ್ಕೆ ಬೇಕು ಎಂದು ಹೇಳಿ ಹೊರಟರು.

ಫೆಬ್ರವರಿ 4, ಮಂಗಳವಾರ

ಕೋರೆಲ್‌ಡ್ರಾದಲ್ಲಿ ಸಿಂಹವನ್ನು, ಚಿತ್ರ ನೋಡಿ ತಾನೇ ಗೆರೆ ಎಳೆಯುವ ಆಟೋ ಟ್ರೇಸ್‌ಗೆ ಕೊಟ್ಟೆ. ಕೇಸರವೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಬಂತು. ಯಂತ್ರ ಸಿಂಹವನ್ನು ಕಂಡಿರಲಿಲ್ಲ, ಚೌಕಗಳನ್ನಷ್ಟೇ ಕಂಡಿತ್ತು. ಅಳಿಸಿ ಕೈಯಲ್ಲೇ ಎಳೆದೆ: ಇಲ್ಲೊಂದು ನೋಡ್, ಅಂದರೆ ಗೆರೆಯ ಗಂಟು, ಅಲ್ಲೊಂದು, ನಡುವಿನ ಗೆರೆ ಎಷ್ಟು ಬಾಗಬೇಕೆಂದು ಎರಡು ಹಿಡಿಕೆ. ಐವತ್ತಕ್ಕೂ ಕಡಿಮೆ ನೋಡ್‌ಗಳಲ್ಲಿ ಇಡೀ ಮೃಗ ಎದ್ದು ನಿಂತಿತು. ಫೈಲಿನೊಳಗೆ ಈಗ ಚಿತ್ರವಿಲ್ಲ, ಚಿತ್ರ ಬರೆಯುವ ಕ್ರಮವಿದೆ; ವೆಕ್ಟರ್ ಅನ್ನುವುದು ಇದಕ್ಕೇ. ಹೆಬ್ಬೆರಳ ಗಾತ್ರಕ್ಕೆ ಬರೆ ಅಂದರೂ, ಕೆರೆ ಏರಿಯುದ್ದ ಬರೆ ಅಂದರೂ ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕಿ ಬರೆಯುತ್ತದೆ.

ಅಪ್ಪ ಅಂಗಡಿ ಬೋರ್ಡು ಬರೆಯುತ್ತಿದ್ದಾಗ ‘ಠ’ಕ್ಕೆ ಭುಜದಿಂದ ಒಂದೇ ಸುತ್ತು. ಬೋರ್ಡು ದೊಡ್ಡದಾದರೆ ತೋಳು ಇನ್ನಷ್ಟು ಚಾಚುತ್ತಿತ್ತು, ಸುತ್ತು ಅದೇ. ನನ್ನ ಕಂಪ್ಯೂಟರಿಗೆ ಅದು ಬಾರದು. ಅದರ ‘ಠ’ ನಾಲ್ಕು ತುಂಡು ಕಮಾನಿನ ಜೋಡಣೆ, ಪೂರ್ತಿ ವೃತ್ತವಲ್ಲ. ಹತ್ತು ಸಾವಿರ ಪಾಲಿನಲ್ಲಿ ಮೂರು ಪಾಲಿನಷ್ಟೂ ತಪ್ಪಿಲ್ಲ, ನಿಜ. ಆದರೂ ಅಪ್ಪನಿಗೆ ಹೇಳಿದ್ದರೆ ನಗುತ್ತಿದ್ದ.

ಈ ಕಮಾನು ಹುಟ್ಟಿದ್ದು ಅಕ್ಷರಕ್ಕಲ್ಲ, ಕಾರಿಗೆ. ಫ್ರಾನ್ಸಿನ ಸಿಟ್ರೋಯೆನ್ ಕಂಪನಿಯಲ್ಲಿ ಪಾಲ್ ಡಿ ಕ್ಯಾಸ್ಟೆಲ್ಜೋ 1959ರಲ್ಲೇ ಲೆಕ್ಕ ಕಂಡುಹಿಡಿದ, ಕಂಪನಿ ಗುಟ್ಟಾಗಿಟ್ಟುಕೊಂಡಿತು. ರೆನೋದಲ್ಲಿದ್ದ ಪಿಯರ್ ಬೆಝಿಯೆ ಪ್ರಕಟಿಸಿದ, ಹೆಸರು ಅವನ ಪಾಲಾಯಿತು. ಬಿಡದಿಯ ಟೊಯೋಟಾ ಕಾರ್ಖಾನೆ ಕಡೆಯಿಂದ ಲಾರಿ ಮೇಲೆ ಸಾಲಾಗಿ ಬರುವ ಹೊಸ ಕಾರುಗಳ ಬಾನೆಟ್ ನೋಡುವಾಗಲೆಲ್ಲ, ಇದೂ ನಮ್ಮ ‘ಠ’ದ ದಾಯಾದಿ ಅನ್ನಿಸುತ್ತದೆ.

ಫೆಬ್ರವರಿ 9, ಭಾನುವಾರ

ಪಕ್ಕದ ಮನೆಯ ಯಜಮಾನರು ಗ್ರಾಮ ನಕ್ಷೆಯ ಜೆರಾಕ್ಸ್ ತಂದರು. ಹಿಪ್ಪುನೇರಳೆ ತೋಟದ ಬದುವಿನ ತಕರಾರು. ಒಂದು ಫೋನಿನಲ್ಲಿ ಸರ್ವೆ ನಂಬರಿನ ಗಡಿ ತೋರಿಸುವ ದಿಶಾಂಕ್ ಆ್ಯಪ್ ತೆರೆದೆವು, ಇನ್ನೊಂದರಲ್ಲಿ ಗೂಗಲ್‌ನ ಉಪಗ್ರಹ ಚಿತ್ರ. ಹಿಗ್ಗಿಸುತ್ತ ಹೋದಂತೆ ಚಿತ್ರ ಮಸುಕಾಗಿ, ತೋಟ ಒಂದು ಹಸಿರು ಮುದ್ದೆಯಾಯಿತು. ಸರ್ವೆ ನಂಬರಿನ ಗೆರೆ ಮಾತ್ರ ಕೂದಲೆಳೆಯಂತೆ ಅಚ್ಚುಕಟ್ಟಾಗಿಯೇ ಇತ್ತು.

“ನೋಡು, ಗೆರೆ ಸ್ಪಷ್ಟವಾಗಿ ಅದೆ. ಬದು ನಂದೇ” ಅಂದರು.

ವೆಕ್ಟರ್ ಪಕ್ಷ ವಹಿಸುವವನು ನಾನು, ಇವತ್ತು ಮಾತು ಬರಲಿಲ್ಲ. ಕಾಗದದ ನಕ್ಷೆಯ ಅಳತೆ 1:7920, ಎಂಟಿಂಚಿಗೆ ಒಂದು ಮೈಲಿ. ಅದರ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಶಾಯಿ ಗೆರೆ ಎಳೆದರೆ ನೆಲದ ಮೇಲೆ ಅದು ಸುಮಾರು ನಾಲ್ಕು ಮೀಟರ್, ಹದಿಮೂರು ಅಡಿ! ಎತ್ತಿನಗಾಡಿ ಹೋಗುವಷ್ಟು ಜಾಗ ಗೆರೆಯೊಳಗೇ ಇದೆ. ಅಂಥ ಗೆರೆ ಕಂಪ್ಯೂಟರಿಗೆ ಇಳಿದದ್ದೇ ತಡ, ದಪ್ಪವನ್ನೆಲ್ಲ ಕಳಚಿಕೊಂಡು ಬ್ಲೇಡಿನ ಅಂಚಾಗುತ್ತದೆ. ಚುಕ್ಕಿಗಳ ಚಿತ್ರವಾದ ಬಿಟ್‌ಮ್ಯಾಪ್ ತನಗೆ ಗೊತ್ತಿಲ್ಲದ ಕಡೆ ಮಂಜಾಗಿ ಒಪ್ಪಿಕೊಳ್ಳುತ್ತದೆ. ವೆಕ್ಟರ್ ಗೊತ್ತಿಲ್ಲದ್ದನ್ನೂ ಗಟ್ಟಿ ದನಿಯಲ್ಲೇ ಹೇಳುತ್ತದೆ. ಅಳತೆ ದಾಖಲೆಯ ಟಿಪ್ಪಣಿ ತೆಗೆಸಿ, ಸರ್ವೆಯರನ್ನು ಕರೆಸಿ ಅಳೆಸಿ ಅಂದೆ. ಅವರಿಗೆ ಬೇಸರವಾಯಿತು, ಕಾಫಿ ಕುಡಿಯದೆ ಎದ್ದರು.

ಫೆಬ್ರವರಿ 13, ಗುರುವಾರ

ಬೆಳಿಗ್ಗೆ ಬ್ಯಾನರ್ ಕೊಟ್ಟು ಕೆರೆ ಕಡೆಯಿಂದ ಬಂದೆ. ಬೆಂಗಳೂರಿನ ಕೊಳಕನ್ನು ಹೊತ್ತು ತರುವ ವೃಷಭಾವತಿ ನದಿ ನಮ್ಮ ಈ ಕೆರೆಯಲ್ಲಿ ತಂಗಿ, ಮುಂದೆ ಅರ್ಕಾವತಿಯನ್ನು ಸೇರುತ್ತಾಳೆ. ನೀರು ಬೀಳುವ ಕಡೆ ನೊರೆ ಎದ್ದಿತ್ತು, ಬಿಳಿ ಅಲ್ಲ, ಹಳದಿ ಅಲ್ಲ, ಬೂದಿ ಅಲ್ಲ. ಮೂಗು ಮುಚ್ಚಿಕೊಂಡೇ ಒಂದು ಫೋಟೋ ಹೊಡೆದೆ.

ಅಂಗಡಿಯಲ್ಲಿ ಕುಚೋದ್ಯಕ್ಕೆ ಅದನ್ನು ಟ್ರೇಸ್‌ಗೆ ಹಾಕಿದೆ. ಒಂದೊಂದು ಗುಳ್ಳೆಗೂ ಒಂದೊಂದು ಆಕಾರ, ಒಂದೊಂದು ಬಣ್ಣ. ಸಾವಿರಾರು ತುಂಡು ಎಣಿಸಿ ಕಂಪ್ಯೂಟರ್ ಉಸಿರುಕಟ್ಟಿ ನಿಂತಿತು. ಮೂಲ ಫೋಟೋಗಿಂತ ಫೈಲೂ ದೊಡ್ಡದು, ನೊರೆಯೂ ಅಲ್ಲ, ಯಾವುದೋ ಮೊಸಾಯಿಕ್ ನೆಲ. ನಕ್ಷೆಯಲ್ಲಿ ಕೆರೆ ಒಂದೇ ನೀಲಿ ಗೆರೆಯ ಸುತ್ತು. ನೊರೆಗೆ ಗೆರೆ ಎಳೆಯುವವರು ಯಾರು? ಜೆಪೆಗ್ ಆಗಿಯೇ ಇಟ್ಟುಕೊಂಡೆ.

ರಾತ್ರಿ ಫೋನ್ ನೋಡಿದರೆ, ಹುಡುಗರು ಬ್ಯಾನರಿನ ಸಿಂಹದ ಫೋಟೋ ತೆಗೆದು, ಕತ್ತರಿಸಿ, ಗುಂಪಿನ ಪ್ರೊಫೈಲ್ ಚಿತ್ರ ಮಾಡಿಕೊಂಡಿದ್ದಾರೆ.