ಕಲ್ನಾರಿನ ಊರು ವಿಟನೂಮ್

ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದಿಂದ ಉತ್ತರಕ್ಕೆ ಸಾವಿರ ಕಿಲೋಮೀಟರಿಗೂ ದೂರ, ಕೆಂಪು ಬೆಟ್ಟಗಳ ಬುಡದಲ್ಲಿ ವಿಟನೂಮ್ ಎಂಬ ಊರಿತ್ತು. ಅಲ್ಲಿ ನೀಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ತೆಗೆಯುತ್ತಿದ್ದರು. ಗಣಿಯ ತ್ಯಾಜ್ಯವನ್ನು ರಸ್ತೆಗೂ ಶಾಲೆಯ ಅಂಗಳಕ್ಕೂ ಹರಡಿದ್ದರು. ಮಕ್ಕಳು ಅದರಲ್ಲೇ ಆಡಿದರು. 1966ರಲ್ಲಿ ಗಣಿ ಮುಚ್ಚಿತು. 2007ರಲ್ಲಿ ಊರಿನ ಅಧಿಕೃತ ಮಾನ್ಯತೆಯೂ ಹೋಯಿತು. ಈಗ ಅಲ್ಲಿಗೆ ಹೋಗಬೇಡಿ ಎಂದು ಸರ್ಕಾರವೇ ಎಚ್ಚರಿಸುತ್ತದೆ.

ಕೂದಲಿಗಿಂತ ಎಷ್ಟೋ ಸಣ್ಣದಾದ ಆ ಎಳೆ ಶ್ವಾಸಕೋಶ ಸೇರಿದರೆ ಸುಲಭವಾಗಿ ಕರಗದು. ರೋಗ ತಲೆಯೆತ್ತಲು ಇಪ್ಪತ್ತು, ನಲವತ್ತು ವರ್ಷ ಹಿಡಿಯಬಹುದು. ಅಷ್ಟರಲ್ಲಿ ಗಣಿ ಮುಚ್ಚಿರುತ್ತದೆ, ಜತೆಗಾರರು ಚದುರಿರುತ್ತಾರೆ. ಪರಿಹಾರ ಕೇಳುವವರು ಎರಡು ಸಂಗತಿ ತೋರಿಸಬೇಕು. ರೋಗ ಯಾವುದೆಂಬುದಕ್ಕೆ ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್, ಉಸಿರಾಟದ ಪರೀಕ್ಷೆ. ಮೆಸೊಥೀಲಿಯೋಮ ಎಂಬ ಕ್ಯಾನ್ಸರಾದರೆ ಅಂಗಾಂಶದ ತುಣುಕಿನ ಪರೀಕ್ಷೆ. ಅದು ಆ ದೂಳಿನಿಂದಲೇ ಬಂತೆಂಬುದಕ್ಕೆ ದುಡಿದ ಅಥವಾ ವಾಸವಿದ್ದ ಜಾಗ, ವರ್ಷಗಳ ದಾಖಲೆ.

ಕಲ್ನಾರು ಉದ್ಯಮಗಳು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಭಾರತದ ಸುಪ್ರೀಂ ಕೋರ್ಟ್ 1995ರಲ್ಲಿ ಆದೇಶಿಸಿತು. ಮನೆಯ ಹಿರಿಯರು ಇಂಥ ಕಡೆ ದುಡಿದಿದ್ದರೆ ಅವರ ಹಳೆಯ ಸಂಬಳ ಚೀಟಿ, ಎಕ್ಸ್‌ರೇ ಹಾಳೆಗಳನ್ನು ರದ್ದಿಗೆ ಹಾಕಬಾರದು.